ಓವನ್ನಿನಲ್ಲಿ ಬೆಂದ ಸೈನಿಕ

ಇಂಗ್ಲೆಂಡಿನ ಯಾವುದೋ ಸಣ್ಣ ಊರಿನ ಅಡುಗೆಮನೆ ಅಂತಿಟ್ಟುಕೊಳ್ಳಿ. ಭಾನುವಾರ ಬೆಳಿಗ್ಗೆ. ಓವನ್ನಿನೊಳಗೆ ತಿನ್ನುವಂಥದ್ದೇನೂ ಇಲ್ಲ. ಮರದ ಚೌಕಟ್ಟಿಗೆ ಸುತ್ತಲೂ ಬಿಗಿದ ಬಿಳಿ ಎಬಿಎಸ್ ಪ್ಲಾಸ್ಟಿಕ್ ಹಾಳೆಯಿದೆ, 2 ಮಿಲಿಮೀಟರ್ ದಪ್ಪದ್ದು. ಬಿಸಿ ಏರಿದಂತೆ ಹಾಳೆ ಮೊದಲು ಅಲೆಯಲೆಯಾಗಿ ಸುಕ್ಕುಗಟ್ಟುತ್ತದೆ, ಆಮೇಲೆ ಒಮ್ಮೆ ಸಪಾಟಾಗುತ್ತದೆ, ಕೊನೆಗೆ ನಡುವೆ ಜೋತುಬೀಳತೊಡಗುತ್ತದೆ. ಎಷ್ಟು ಜೋತಾಗ ಹೊರತೆಗೆಯಬೇಕು ಅನ್ನುವುದರಲ್ಲೇ ಕಸುಬೆಲ್ಲ ಇದೆ. ಅವಸರ ಮಾಡಿದರೆ ಅಚ್ಚಿನ ಮೂಲೆಗಳಿಗೆ ಇಳಿಯುವುದಿಲ್ಲ. ತಡ ಮಾಡಿದರೆ ಹಾಳೆ ತೆಳ್ಳಗಾಗಿ ಹರಿದೀತು, ಇಲ್ಲವೇ ಕಾದ ಕಂಬಿಗೆ ತಾಗಿ ಮನೆಯೆಲ್ಲ ಹೊಗೆ.

ಕೈಗವಸು ತೊಟ್ಟ ಮನೆಯೊಡೆಯ ಚೌಕಟ್ಟನ್ನು ಎಳೆದುಕೊಂಡು ನೆಲದ ಮೇಲಿನ ಪೆಟ್ಟಿಗೆಯತ್ತ ತಿರುಗುತ್ತಾನೆ. ಪೆಟ್ಟಿಗೆಯ ಮೈತುಂಬ ಸಣ್ಣ ಸಣ್ಣ ತೂತು, ಪಕ್ಕಕ್ಕೆ ಸಿಕ್ಕಿಸಿದ ವ್ಯಾಕ್ಯೂಮ್ ಕ್ಲೀನರಿನ ಕೊಳವೆ, ಮೇಲೊಂದು ಪ್ಲಾಸ್ಟರಿನ ಅಚ್ಚು. ಹಾಳೆಯನ್ನು ಅಚ್ಚಿನ ಮೇಲೆ ಒತ್ತಿ ಕಾಲಿನಿಂದಲೇ ಸ್ವಿಚ್ಚು ಅದುಮುತ್ತಾನೆ. ಕಿವಿಗಡಚಿಕ್ಕುವ ಸದ್ದಿನ ನಡುವೆ ಮೆತ್ತಗಿದ್ದ ಹಾಳೆ ಸರ್ರನೆ ಒಳಕ್ಕೆ ಎಳೆದುಕೊಳ್ಳುತ್ತದೆ. ಎರಡು ಕಣ್ಣಿನ ಗುಳಿ, ಮೊಂಡು ಮೂಗು, ಕೆಳಕ್ಕೆ ಬಾಗಿದ ಮುನಿಸಿನ ಬಾಯಿ: 'ಸ್ಟಾರ್ ವಾರ್ಸ್'ನ ಸ್ಟಾರ್ಮ್‌ಟ್ರೂಪರ್ ಸೈನಿಕನ ಮುಖ. ಹಿಂದಲೆಯ ಭಾಗ, ಕಿವಿಗಳು ಇನ್ನೂ ಬೇಯಬೇಕು.

1977ರಲ್ಲಿ ತೆರೆಕಂಡ ಆ ಚಿತ್ರದ ಶಿರಸ್ತ್ರಾಣಗಳು ಹುಟ್ಟಿದ್ದೂ ಹೆಚ್ಚುಕಡಿಮೆ ಹೀಗೆಯೇ. ಲಂಡನ್ನಿನ ಟ್ವಿಕನ್‌ಹ್ಯಾಮಿನಲ್ಲಿದ್ದ ಆ್ಯಂಡ್ರೂ ಏನ್ಸ್‌ವರ್ತ್ ಎಂಬಾತ ಪ್ಲಾಸ್ಟಿಕ್ ಕಾಯಿಸಿ ಎಳೆಯುವುದರಲ್ಲಿ ಪಳಗಿದವನು. ಚಿತ್ರಕ್ಕೆ 50 ಶಿರಸ್ತ್ರಾಣ ಮಾಡಿಕೊಟ್ಟ. ಎಡಗಣ್ಣು ಬಲಗಣ್ಣು ಒಂದೇ ತೆರನಾಗಿಲ್ಲ. ಕೆನ್ನೆಯ ಪಟ್ಟಿಗಳನ್ನು ಬಳಿದವರ ಕುಂಚ ಅಲ್ಲಲ್ಲಿ ಅಲುಗಿದೆ. ಓಡುವ ಸೈನಿಕನ ಕೆನ್ನೆಯನ್ನು ಯಾರು ನೋಡುತ್ತಾರೆ ಅಂದುಕೊಂಡಿರಬೇಕು. ನೋಡಿದರು! ಇಂದು ಮನೆಯಲ್ಲಿ ಕೂತು ಮಾಡುವವನು ಸೊಟ್ಟಗಣ್ಣನ್ನು ಸೊಟ್ಟಗೇ ಇಡುತ್ತಾನೆ, ಕುಂಚ ಎಲ್ಲಿ ಅಲುಗಿತ್ತೋ ಅಲ್ಲೇ ಬೇಕೆಂದು ಅಲುಗಿಸುತ್ತಾನೆ. ನೇರಗೆರೆ ಎಳೆದರೆ ಅದು ಅವನ ಲೆಕ್ಕದಲ್ಲಿ ತಪ್ಪು. ಅವಸರದಲ್ಲಿ ಆದದ್ದನ್ನು ಇಷ್ಟು ನಿಧಾನವಾಗಿ ನಕಲು ಮಾಡುವ ಹವ್ಯಾಸ ಬೇರೊಂದಿದೆಯೋ ಕಾಣೆ.

ಅವಸರಕ್ಕೆ ಕಾರಣವಿತ್ತು. 1976ರಲ್ಲಿ ಎಲ್‌ಸ್ಟ್ರೀ ಸ್ಟುಡಿಯೋದಲ್ಲಿ ಚಿತ್ರೀಕರಣಕ್ಕೆ ಸಜ್ಜಾಗುವಾಗ ಸೆಟ್ ಸಜ್ಜುಗೊಳಿಸುವ ಹೊಣೆಯಿದ್ದ ರೋಜರ್ ಕ್ರಿಶ್ಚಿಯನ್ ಕೈಯಲ್ಲಿ ದುಡ್ಡು ಕಮ್ಮಿ. ಹೊಸದಾಗಿ ಮಾಡಿಸುವ ಬದಲು ಗುಜರಿಯನ್ನೇ ಜೋಡಿಸೋಣ ಎಂದ. ಲೈಟ್‌ಸೇಬರ್ ಎಂಬ ಬೆಳಕಿನ ಕತ್ತಿಗೆ ಹಿಡಿ ಸಿಗದೆ ಒದ್ದಾಡುತ್ತಿದ್ದಾಗ ಲಂಡನ್ನಿನ ಗ್ರೇಟ್ ಮಾರ್ಲ್‌ಬರೋ ಬೀದಿಯ ಕ್ಯಾಮೆರಾ ಅಂಗಡಿಯಲ್ಲಿ ದೂಳು ಹಿಡಿದ ಡಬ್ಬಗಳು ಕಂಡವು. ಒಳಗಿದ್ದದ್ದು ಗ್ರಾಫ್ಲೆಕ್ಸ್ ಕಂಪನಿಯ ಫ್ಲ್ಯಾಶಿನ ಹಿಡಿಗಳು. ಹಿಂದೆ ಪತ್ರಿಕಾ ಛಾಯಾಗ್ರಾಹಕರು ದೊಡ್ಡ ಕ್ಯಾಮೆರಾದ ಪಕ್ಕಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದ, ಒಳಗೆ ಮೂರು ದಪ್ಪ ಸೆಲ್ಲು ಹಿಡಿಸುವ, ಥಳಥಳಿಸುವ ಲೋಹದ ಕೊಳವೆ. ಬುಡಕ್ಕೆ ಕಪ್ಪು ಪ್ಲಾಸ್ಟಿಕ್ ಪಟ್ಟಿಯ ತುಂಡುಗಳನ್ನು ಸೂಪರ್ ಗ್ಲೂ ಹಾಕಿ ಅಂಟಿಸಿದ. ಕೊಳವೆಯ ನಡುವಿನ ಬಿಗಿಪಟ್ಟಿಯೊಳಗೆ, ಹಳೆಯ ಕ್ಯಾಲ್ಕುಲೇಟರಿನ ಅಂಕಿಗಳನ್ನು ದೊಡ್ಡದಾಗಿ ತೋರಿಸುವ ಗುಳ್ಳೆಗುಳ್ಳೆ ಪ್ಲಾಸ್ಟಿಕ್ಕನ್ನು ತುರುಕಿದ. ಸೊಂಟಕ್ಕೆ ತೂಗುಹಾಕಲು ಒಂದು ಉಂಗುರ. ಆಯಿತು, ಚಿತ್ರದ ನಾಯಕ ಲ್ಯೂಕ್ ಸ್ಕೈವಾಕರನ ಆಯುಧ. ಆ ಚಿತ್ರದ ಕಲಾ ನಿರ್ದೇಶನಕ್ಕೆ 1978ರಲ್ಲಿ ಆಸ್ಕರ್ ಬಂದಾಗ ಹಂಚಿಕೊಂಡವರಲ್ಲಿ ಕ್ರಿಶ್ಚಿಯನ್ ಕೂಡ ಒಬ್ಬ.

ಅದೇ ಚಿತ್ರದ ಮುದುಕ ಓಬಿ-ವಾನನ ಕತ್ತಿಯದು ಇನ್ನೂ ಮಜಾ. ಅದರಲ್ಲಿ ರೋಲ್ಸ್‌ರಾಯ್ಸ್ ಜೆಟ್ ಎಂಜಿನ್ನಿನ ಕೊಳವೆಯ ತುಂಡಿದೆ, ಮೊದಲ ಮಹಾಯುದ್ಧದ ಬ್ರಿಟಿಷ್ ಗ್ರೆನೇಡಿನ ಭಾಗವಿದೆ, ತುದಿಯಲ್ಲಿ ಬಚ್ಚಲಮನೆಯ ನಲ್ಲಿಯ ತಿರುಪು ಕೂತಿದೆ. ಯಾವ ತುಂಡು ಯಾವ ವಸ್ತುವಿನದು ಎಂದು ಪತ್ತೆಹಚ್ಚಲು ಅಭಿಮಾನಿಗಳಿಗೆ ದಶಕಗಳೇ ಹಿಡಿದವು. ಮಸುಕು ಫೋಟೊಗಳನ್ನು ಹಿಗ್ಗಿಸಿ, ನಲ್ಲಿಯ ಅಂಚಿನ ಹಲ್ಲುಗಳನ್ನು ಎಣಿಸಿ, ಹಳೇ ಸಾಮಾನಿನ ಸಂತೆಗಳಲ್ಲಿ ಕೈಯಾಡಿಸಿ ಹುಡುಕಿದರು. ಭವಿಷ್ಯದ ಆಯುಧ ಮಾಡಹೊರಟವನು ಅಜ್ಜನ ಕಾಲದ ಕೊಳಾಯಿ ಸಾಮಾನಿನ ಪಂಡಿತನಾಗುವುದು ಹೀಗೆ.

ಇದರಲ್ಲಿ ಪೆಟ್ಟು ಬಿದ್ದದ್ದು ಹಳೆಯ ಕ್ಯಾಮೆರಾ ಸಂಗ್ರಾಹಕರಿಗೆ. ಕತ್ತಿಯ ಗುಟ್ಟು ಹೊರಬಿದ್ದ ಮೇಲೆ ಗ್ರಾಫ್ಲೆಕ್ಸ್ ಹಿಡಿಗೆ ಎಲ್ಲಿಲ್ಲದ ಬೆಲೆ ಬಂತು. ಕ್ಯಾಮೆರಾ ಒಂದು ಮೂಲೆಗೆ, ಅದರ ಫ್ಲ್ಯಾಶು ಯಾರದೋ ಸೊಂಟಕ್ಕೆ. ಈ ಜಗಳದಲ್ಲಿ ನಾನು ಕ್ಯಾಮೆರಾದವರ ಕಡೆ. ಕೆಲಸ ಮಾಡುವ ವಸ್ತುವನ್ನು ಕೆಲಸ ಮಾಡದ ವಸ್ತುವಿಗಾಗಿ ಕೊರೆಯುವುದು ಯಾವ ನ್ಯಾಯ? ಪುಣ್ಯಕ್ಕೆ ಈಗ ಅಲ್ಯೂಮಿನಿಯಂ ಸರಳನ್ನು ಲೇತಿಗೆ ಕೊಟ್ಟು ಹೊಚ್ಚಹೊಸ ಹಿಡಿ ತೆಗೆಯುವವರಿದ್ದಾರೆ. ಮನೆಯಲ್ಲೇ ತ್ರೀ-ಡಿ ಪ್ರಿಂಟರ್ ಇಟ್ಟುಕೊಂಡವರಂತೂ ರಾತ್ರಿ ಗುಂಡಿ ಒತ್ತಿ ಮಲಗಿ, ಬೆಳಿಗ್ಗೆ ಪುಟ್ಟಿ, ಪ್ರೈಮರ್, ಉಪ್ಪುಕಾಗದ ಹಿಡಿದು ಕೂರುತ್ತಾರೆ. ಬೆಂಗಳೂರಿನ ಕಾಮಿಕ್ ಕಾನ್‌ಗೆ ವೇಷ ಕಟ್ಟುವ ಹುಡುಗರ ದಾರಿ ಇನ್ನೂ ಅಗ್ಗದ್ದು: ಜಿಮ್ಮಿನ ನೆಲಕ್ಕೆ ಹಾಸುವಂಥ ಫೋಮ್ ಹಾಳೆ, ಬಿಸಿಗಾಳಿಯ ಗನ್ನು, ಚಪ್ಪಲಿ ಹೊಲಿಯುವವರು ಬಳಸುವ ಅಂಟು.

ಹೇಗೆ ಮಾಡಿದರೂ ಕೊನೆಯಲ್ಲಿ ಒಂದು ಕೆಲಸ ತಪ್ಪಿದ್ದಲ್ಲ: ಹೊಸದನ್ನು ಹಾಳು ಮಾಡುವುದು. ಲೇತಿನಿಂದ ಬಂದ ಹಿಡಿ ಮದುವಣಗಿತ್ತಿಯ ಬೆಳ್ಳಿಕಾಲುಂಗುರದಂತೆ ಹೊಳೆಯುತ್ತಿರುತ್ತದೆ. ಮರುಭೂಮಿಯಲ್ಲಿ ಅಲೆದವನ ಕೈಯಲ್ಲಿ ಅದು ಒಪ್ಪುತ್ತದೆಯೇ? ಅದಕ್ಕೇ ಮಾಡುವವನು ಕಪ್ಪು ಬಣ್ಣಕ್ಕೆ ನೀರು ಬೆರೆಸಿ ಇಡೀ ಮೈಗೆ ಮೆತ್ತುತ್ತಾನೆ, ಆರುವ ಮುನ್ನವೇ ಹಳೇ ಬನಿಯನ್ನಿನಿಂದ ಒರೆಸುತ್ತಾನೆ. ಗೀರುಗಳಲ್ಲಿ, ಸ್ಕ್ರೂವಿನ ಸುತ್ತ ಕೊಳೆ ಉಳಿಯುತ್ತದೆ, ಉಬ್ಬಿದ ಕಡೆ ಲೋಹ ಬೆಳ್ಳಗಾಗುತ್ತದೆ. ಹೆಬ್ಬೆರಳು ದಿನವೂ ತಾಗುವ ಜಾಗ ಯಾವುದು ಎಂದು ಹಿಡಿದು ಹಿಡಿದು ನೋಡಿ, ಅಲ್ಲಿ ಮಾತ್ರ ಸ್ಟೀಲ್ ನಾರಿನಿಂದ ಉಜ್ಜುತ್ತಾನೆ. ಅರದಿಂದ ಅಂಚಿಗೆ ಒಂದೆರಡು ಪೆಟ್ಟು. ಎಲ್ಲ ಕಡೆ ಒಂದೇ ಸಮ ಸವೆಸಿದವನ ಕೈ ಕಸುಬಿಗೆ ಹೊಸದೆಂದು ನೋಡಿದೊಡನೆ ಗೊತ್ತಾಗುತ್ತದೆ.

ನಕಲು ಮಾಡಿ ಇಟ್ಟುಕೊಳ್ಳುವವರೆಗೆ ಯಾರೂ ತಲೆಕೆಡಿಸಿಕೊಳ್ಳಲಿಲ್ಲ. ಮಾರಾಟಕ್ಕೆ ಇಳಿದಾಗ ಕೋರ್ಟು ಬಂತು. ಏನ್ಸ್‌ವರ್ತ್ ತನ್ನ ಹಳೆಯ ಕೆಲಸದ ನಕಲುಗಳನ್ನು ತಾನೇ ಮಾಡಿ ಮಾರತೊಡಗಿದ. ಚಿತ್ರ ತೆಗೆದ ಕಂಪನಿ ಲ್ಯೂಕಾಸ್‌ಫಿಲ್ಮ್ ದಾವೆ ಹೂಡಿತು. ಅಮೆರಿಕದ ನ್ಯಾಯಾಲಯ 2 ಕೋಟಿ ಡಾಲರ್ ಪರಿಹಾರ ಕೊಡಬೇಕೆಂದಿತು. ಬ್ರಿಟನ್ನಿನಲ್ಲಿ ಪ್ರಶ್ನೆ ಬೇರೆಯಾಯಿತು: ಈ ಶಿರಸ್ತ್ರಾಣ ಶಿಲ್ಪವೋ, ಅಲ್ಲವೋ? ಶಿಲ್ಪವಾದರೆ ದೀರ್ಘಕಾಲದ ಕೃತಿಸ್ವಾಮ್ಯ ಉಂಟು. 2011ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಇದು ಶಿಲ್ಪವಲ್ಲ, ಚಿತ್ರ ತಯಾರಿಕೆಯಲ್ಲಿ ಬಳಕೆಗೆ ಬಂದ ವಸ್ತು ಎಂದು ತೀರ್ಪಿತ್ತಿತು. ಬ್ರಿಟನ್ನಿನಲ್ಲಿ ಆತನ ಮಾರಾಟಕ್ಕೆ ಅಡ್ಡಿ ಉಳಿಯಲಿಲ್ಲ. ಆದರೆ ಅಮೆರಿಕದ ಕೃತಿಸ್ವಾಮ್ಯ ಮುರಿದರೆ ಅದರ ವಿಚಾರಣೆಯನ್ನು ಇಂಗ್ಲೆಂಡಿನ ಕೋರ್ಟಿನಲ್ಲೇ ನಡೆಸಬಹುದು ಎಂದೂ ಅದೇ ತೀರ್ಪು ಹೇಳಿತು.

ಚಿತ್ರರಂಗಕ್ಕೂ ಹೀಗೆ ಮನೆಯಲ್ಲೇ ಮಾಡುವವರಿಗೂ ನಡುವೆ ಬರೀ ಜಗಳವೇ ಇರಲಿಲ್ಲ. ಆರ್2-ಡಿ2 ಎಂಬ ಕುಳ್ಳ ರೋಬಾಟನ್ನು ಮನೆಯಲ್ಲೇ ಕಟ್ಟುವವರ ದೊಡ್ಡ ಬಳಗವಿದೆ. ನಕ್ಷೆ, ಅಳತೆಗಳನ್ನು ಹಂಚಿಕೊಂಡು, ಮೋಟಾರು ಚಕ್ರ ಹೂಡಿ, ತಲೆ ತಿರುಗಿಸಿ, ಸಿಳ್ಳೆ ಹೊಡೆಸುವವರೆಗೂ ಬಿಡದವರು. 2013ರಲ್ಲಿ ಜರ್ಮನಿಯ ಅಭಿಮಾನಿ ಮೇಳವೊಂದರಲ್ಲಿ ಇವರ ರೋಬಾಟುಗಳನ್ನು ನೋಡಿದ ನಿರ್ಮಾಪಕಿ ಕ್ಯಾಥ್ಲೀನ್ ಕೆನಡಿ ಮೆಚ್ಚಿಕೊಂಡರು. 2015ರ 'ದ ಫೋರ್ಸ್ ಅವೇಕನ್ಸ್' ಚಿತ್ರದ ಆರ್2-ಡಿ2 ಮಾಡಲು ಆ ಬಳಗದ ಇಬ್ಬರು ಬ್ರಿಟಿಷರಿಗೇ ಸ್ಟುಡಿಯೋದಲ್ಲಿ ಕೆಲಸ ಸಿಕ್ಕಿತು.