ಸಂಜೆ ನಾಲ್ಕಕ್ಕೇ ಇಳಿಸಿದ ಕತ್ತಲು

1906ರ ಸುಮಾರಿಗೆ ಅಮೆರಿಕದ ಮೇರಿಲ್ಯಾಂಡಿನಲ್ಲಿ ಹೊಸ ಬಗೆಯ ಹೊಗೆಸೊಪ್ಪಿನ ಗಿಡ ಕಾಣಿಸಿಕೊಂಡಿತು. ಜೊತೆಯ ಗಿಡಗಳೆಲ್ಲ ಹೂ ಬಿಟ್ಟು ಬೀಜ ಕಟ್ಟಿದರೂ ಇದು ಮಾತ್ರ ಎಲೆಯ ಮೇಲೆ ಎಲೆ ಬಿಡುತ್ತ ಹತ್ತಡಿ ಏರಿತು. 'ಮೇರಿಲ್ಯಾಂಡ್ ಮ್ಯಾಮತ್' ಎಂದು ಹೆಸರಾಯಿತು. ಹೊಗೆಸೊಪ್ಪಿನವನಿಗೆ ಎಲೆಯೇ ದುಡ್ಡು, ನಿಜ. ಆದರೆ ಹೂವಾಗುವ ಮೊದಲೇ ಹಿಮ ಬಿದ್ದು ಗಿಡ ಸತ್ತರೆ ಮುಂದಿನ ವರ್ಷಕ್ಕೆ ಬೀಜ ಎಲ್ಲಿಂದ? ಬುಡ ಸಮೇತ ಕಿತ್ತು ಗಾಜಿನ ಮನೆಯಲ್ಲಿ ನೆಟ್ಟರು. ಬೇಸಿಗೆಯಿಡೀ ಹಟ ಹಿಡಿದಿದ್ದ ಗಿಡ ನಡುಚಳಿಗಾಲದಲ್ಲಿ ಹೂ ಬಿಟ್ಟಿತು.

ವಾಷಿಂಗ್ಟನ್ ಪಕ್ಕದ ಆರ್ಲಿಂಗ್ಟನ್ ಕೃಷಿ ಕೇಂದ್ರದಲ್ಲಿದ್ದ ವಿಜ್ಞಾನಿಗಳಾದ ಗಾರ್ನರ್ ಮತ್ತು ಅಲಾರ್ಡ್ ಅವರನ್ನು ಇದು ಕಾಡಿತು. ಇನ್ನೊಂದು ಒಗಟೂ ಅವರ ಮುಂದಿತ್ತು: ಬಿಲಾಕ್ಸಿ ಎಂಬ ತಳಿಯ ಸೋಯಾ ಅವರೆಯನ್ನು ವಾರಗಟ್ಟಲೆ ಅಂತರ ಬಿಟ್ಟು ಬಿತ್ತಿದರೂ ಎಲ್ಲ ಸಾಲುಗಳೂ ಸೆಪ್ಟೆಂಬರಿನಲ್ಲಿ ಹೆಚ್ಚುಕಮ್ಮಿ ಒಟ್ಟಿಗೇ ಹೂವಾಗುತ್ತಿದ್ದವು. ನಮ್ಮ ನಾಟಿ ಅವರೆಯ ಗುಣವೂ ಇದೇ. ಬೆಂಗಳೂರಿನಲ್ಲಿ ಅತಿ ದೊಡ್ಡ ಹಗಲಿಗೂ ಅತಿ ಚಿಕ್ಕ ಹಗಲಿಗೂ ಇರುವ ಅಂತರ ಒಂದೂವರೆ ಗಂಟೆ. ಅಷ್ಟನ್ನೇ ಹಿಡಿದು ಅವರೆ ತನ್ನ ಸುಗ್ಗಿಯ ಕಾಲ ಕಂಡುಕೊಳ್ಳುತ್ತದೆ.

ಶಾಖ, ತೇವ, ಗೊಬ್ಬರ, ಬಿಸಿಲಿನ ತೀಕ್ಷ್ಣತೆ ಎಲ್ಲವನ್ನೂ ಪರೀಕ್ಷಿಸಿ ನೋಡಿದ್ದಾಯಿತು, ಯಾವುದೂ ಉತ್ತರವಾಗಲಿಲ್ಲ. ಉಳಿದದ್ದು ಹಗಲಿನ ಉದ್ದ. ಅದನ್ನೇ ಕೊನೆಗೆ ಕೇಳಿದ್ದರಲ್ಲಿ ನನಗೇನೂ ಆಶ್ಚರ್ಯವಿಲ್ಲ. ಬೆಳಕೆಂದರೆ ಗಿಡದ ಊಟ ಎಂದು ತಿಳಿದಿದ್ದ ಕಾಲ ಅದು. ಊಟ ಕಡಿಮೆ ಮಾಡಿದರೆ ಹೂ ಬರುತ್ತದೆಂದು ಯಾರು ಊಹಿಸಿಯಾರು?

1918ರ ಜುಲೈ. ಹೊಲದ ಪಕ್ಕದಲ್ಲೊಂದು ಪುಟ್ಟ ಕತ್ತಲೆ ಗೂಡು ಕಟ್ಟಿದರು. ಸಂಜೆ ನಾಲ್ಕಕ್ಕೆ ಕುಂಡಗಳನ್ನು ಒಳಗಿಡುವುದು, ಮರುದಿನ ಬೆಳಗ್ಗೆ ಒಂಬತ್ತಕ್ಕೆ ಹೊರಗೆ ತರುವುದು. ಹೊರಗೆ ಸುಮಾರು 15 ಗಂಟೆಯ ಹಗಲು, ಇವಕ್ಕೆ ಏಳೇ ಗಂಟೆ. ಗೂಡಿನ ಸೋಯಾ, ಹೊಗೆಸೊಪ್ಪು ಎರಡೂ ಹೊರಗಿನವಕ್ಕಿಂತ ಬಹಳ ಮೊದಲೇ ಹೂವಾದವು. ಚಳಿಗಾಲದಲ್ಲಿ ಇದನ್ನೇ ತಿರುಗಿಸಿ, ವಿದ್ಯುದ್ದೀಪ ಹಚ್ಚಿ ಹಗಲನ್ನು ಹಿಗ್ಗಿಸಿದಾಗ ಮ್ಯಾಮತ್ ಮತ್ತೆ ಬರೀ ಎಲೆ ಬಿಟ್ಟಿತು. 1920ರಲ್ಲಿ ಪ್ರಬಂಧ ಪ್ರಕಟವಾಯಿತು.

ಇಲ್ಲೊಂದು ಹೆಸರನ್ನು ನೆನೆಯಲೇಬೇಕು: ಫ್ರಾನ್ಸಿನ ಜೂಲಿಯನ್ ಟೂರ್ನ್ವಾ. ಗಾಂಜಾ ಜಾತಿಯ ಹೆಂಪ್ ಗಿಡಕ್ಕೆ ಬೆಳಕಿನ ಹೊತ್ತು ಕಡಿಮೆಯಾದರೆ ಬೇಗ ಹೂ ಬರುವುದನ್ನು ಅವರು ಗಾರ್ನರ್, ಅಲಾರ್ಡ್‌ಗಿಂತ ಮೊದಲೇ ಗಮನಿಸಿ, ರಾತ್ರಿ ಉದ್ದವಾಗುವುದೇ ಮುಖ್ಯವಿರಬಹುದೆಂದು ಬರೆದಿದ್ದರು. 1914ರ ಯುದ್ಧ ಅವರನ್ನು ಬಲಿ ತೆಗೆದುಕೊಂಡಿತು. ಅವರ ಊಹೆ ಸರಿಯಾಗಿತ್ತು. 1938ರಲ್ಲಿ ಹ್ಯಾಮ್ನರ್ ಮತ್ತು ಬಾನರ್ ಮರುಳುಮತ್ತಿ ಗಿಡದ ಉದ್ದನೆಯ ರಾತ್ರಿಯ ನಡುವೆ ತುಸು ಹೊತ್ತು ದೀಪ ಹಾಯಿಸಿದರು, ಹೂವು ಬರಲಿಲ್ಲ. ಗಿಡ ಲೆಕ್ಕವಿಡುತ್ತಿದ್ದುದು ಕತ್ತಲನ್ನು.

ಚಿಕ್ಕಬಳ್ಳಾಪುರದ ಕಡೆ ಸೇವಂತಿಗೆ ತೋಟಗಳಲ್ಲಿ ರಾತ್ರಿ ಸಾಲು ಬಲ್ಬು ಉರಿಯುವುದು ಇದೇ ಕಾರಣಕ್ಕೆ. ಗಿಡ ಚೆನ್ನಾಗಿ ಕವಲೊಡೆಯುವವರೆಗೆ ಬೆಳಕು ಕೊಟ್ಟು ಮೊಗ್ಗನ್ನು ತಡೆಯುತ್ತಾರೆ. ಆಮೇಲೆ ಹಬ್ಬದ ಮಾರುಕಟ್ಟೆಯ ದಿನದಿಂದ ಹಿಂದಕ್ಕೆ ಎಣಿಸಿ ದೀಪ ಆರಿಸುತ್ತಾರೆ.