ಅಡಿಗೆಯನ್ನೊಲ್ಲದವರ ಅಡಿಗೆ

ನಳನಿಗೂ ಭೀಮನಿಗೂ ಪಾಕಶಾಸ್ತ್ರವು ಕರತಲಾಮಲಕವಾಗಿತ್ತೆಂದು ನಾವು ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದೆವು. ಆದರೆ ನಮಗೆ ಒಲೆ ಹೊತ್ತಿಸುವುದೂ ತಿಳಿದಿರಲಿಲ್ಲ. ನಮ್ಮ ಮನೆಯವರು ವೃದ್ಧ ತಾಯಿಯ ಶುಶ್ರೂಷೆಗೆಂದು ಸೇಡಮಿನಿಂದ ಚಿಂಚೋಳಿಗೆ ಹೋಗಿ ತಿಂಗಳು ನಿಂತಾಗ, ಆ ವಿದ್ಯೆಯ ಕೊರತೆಯು ಹೊಟ್ಟೆಗೆ ಅರಿವಾಯಿತು.

ಆದರೂ ನಮ್ಮ ಸೀಮೆಯಲ್ಲಿ ಸೋಮಾರಿಯು ಉಪವಾಸ ಬೀಳುವ ಹಾಗಿಲ್ಲ. ಸೇಡಂ, ಚಿತ್ತಾಪುರಗಳ ಎರೆಭೂಮಿಯಲ್ಲಿ ತೊಗರಿ ಬೆಳೆಯುತ್ತದೆ. ಕಲಬುರಗಿಯ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆತಿದೆ. ಖಡಕ್ ರೊಟ್ಟಿಯು ಅಂಗಡಿಯಲ್ಲಿ ಸಿಕ್ಕುತ್ತದೆ. ಶೇಂಗಾ ಹಿಂಡಿಯು ಡಬ್ಬಿಯಲ್ಲಿರುತ್ತದೆ. ಉಳಿದದ್ದು ಪುಂಡಿಪಲ್ಯವೊಂದೇ.

ಮೊದಲ ದಿನ ಬೇಳೆ, ಸೊಪ್ಪು ಎಲ್ಲವನ್ನೂ ಒಟ್ಟಿಗೆ ಹಾಕಿ, ವಾಡಿಯ ಜಂಕ್ಷನ್ನಿನಲ್ಲಿ ರೈಲಿಗೆ ಕಾಯುವವರಂತೆ ಕುಳಿತೆವು. ಸೊಪ್ಪು ಕರಗಿತು, ಬೇಳೆ ಮಾತ್ರ ಶಹಾಬಾದದ ಹಾಸುಗಲ್ಲಾಗಿಯೇ ಉಳಿಯಿತು. ಹುಳಿಯೊಡನೆ ಬೇಳೆಯು ಬೇಗ ಬೇಯದಷ್ಟೆ! ಆದಕಾರಣ ವಾಚಕರು ಹೀಗೆ ಮಾಡತಕ್ಕದ್ದು: ಅರ್ಧ ಬಟ್ಟಲು ತೊಗರಿಬೇಳೆ, ಒಂದು ಹಿಡಿ ಜೋಳದ ನುಚ್ಚು ಮೊದಲು ಮೆತ್ತಗೆ ಬೇಯಲಿ. ಬಳಿಕ ತೊಳೆದ ಒಂದು ಕಟ್ಟು ಪುಂಡಿಸೊಪ್ಪು, ನಾಲ್ಕು ಹಸಿಮೆಣಸಿನಕಾಯಿ, ಉಪ್ಪು ಹಾಕಿ ಕುದಿಸಿ, ಮಸೆದು, ಬೆಳ್ಳುಳ್ಳಿಯ ಒಗ್ಗರಣೆ ಕೊಡಬೇಕು. ಪಾತ್ರೆ ಒಂದು, ಊಟ ಎರಡು ಹೊತ್ತು.

ಮನೆಯವರು ಮರಳಿ ಬಂದ ದಿನ ನಾವೇ ಬಡಿಸಿದೆವು. ಉಂಡು ಕೈತೊಳೆದು, “ಇನ್ನ ವಾರದಾಗ ಎರಡು ದಿನ ನೀವೇ ಮಾಡ್ರಿ. ನನಗೂ ಅಡಿಗಿ ಎಂದೂ ಸೇರಿಲ್ಲ” ಎಂದರು.

ಮೂವತ್ತೈದು ವರ್ಷ ಅವರ ಕೈಯಿಂದ ಉಂಡ ನಾವು ಒಂದು ದಿನವೂ ಅದನ್ನು ವಿಚಾರಿಸಿರಲಿಲ್ಲ. ಈಗ ಸೋಮವಾರ, ಗುರುವಾರಗಳಂದು ಒಲೆಯು ನಮ್ಮದು.