ಮನೆ ನಮ್ಮದು, ನೂಲು ಸಾಹುಕಾರರದು

ನಾರಾಯಣಪೇಟೆಯ ನೇಕಾರರ ಓಣಿಯಲ್ಲಿ ಮನೆ ಎಲ್ಲಿ ಮುಗಿಯಿತು, ಕೆಲಸದ ಜಾಗ ಎಲ್ಲಿ ಆರಂಭವಾಯಿತು ಎಂದು ಹೇಳುವುದು ಕಷ್ಟ. ಮಗ್ಗದ ಪಕ್ಕದಲ್ಲಿಯೇ ತೊಟ್ಟಿಲು, ಅದರಾಚೆ ಒಲೆ. ಗದ್ವಾಲದಲ್ಲಿಯೂ ಹೀಗೆಯೇ. ಸಾಹುಕಾರರು ನೂಲು, ರೇಷ್ಮೆ, ಜರಿಗಳನ್ನು ತೂಗಿ ಕೊಡುತ್ತಾರೆ, ವಿನ್ಯಾಸವನ್ನು ಒಪ್ಪಿಸುತ್ತಾರೆ. ನೇಕಾರನು ಮನೆಯಲ್ಲಿ ನೇಯ್ದು, ಸೀರೆಯನ್ನು ಕೊಟ್ಟು ಕೂಲಿ ಪಡೆಯುತ್ತಾನೆ. ಮನೆ ತನ್ನದು, ನೂಲು ಪರರದು ಎಂಬ ಭೇದವನ್ನು ಆ ಮನೆಯ ಮಕ್ಕಳೂ ಬಲ್ಲರು. ಜರಿಯ ಕಂಡಿಕೆ ಅವರ ಆಟದ ಸಾಮಾನಾಗುವುದಿಲ್ಲ.

2020ರ ಮಾರ್ಚಿನಲ್ಲಿ ದೇಶವೆಲ್ಲ ಬಾಗಿಲು ಮುಚ್ಚಿದಾಗ ಹೈದರಾಬಾದು, ಬೆಂಗಳೂರುಗಳಲ್ಲಿದ್ದ ನಮ್ಮ ಕಡೆಯ ಅನೇಕ ಯುವಕ ಯುವತಿಯರು ಕಂಪ್ಯೂಟರುಗಳೊಡನೆ ಊರಿಗೆ ಮರಳಿದರು. ಕಚೇರಿಯ ಕೆಲಸ ಮನೆಗೆ ಬಂದಿತು. ಕಾಯಿಲೆ ತಗ್ಗಿದ ಮೇಲೂ ಕೆಲವರಿಗೆ ಆ ಪದ್ಧತಿ ಮುಂದುವರಿದಿದೆ. ಇದನ್ನು ಹೊಸ ಕಾಲದ ಸೋಜಿಗವೆಂದು ಎಲ್ಲರೂ ಬಣ್ಣಿಸುತ್ತಾರೆ. ನಮಗೇನೋ ಇದು ಹಳೆಯ ಮಗ್ಗದ ಪದ್ಧತಿಯಾಗಿಯೇ ಕಾಣುತ್ತದೆ. ನೂಲಿನ ಬದಲು ಗ್ರಾಹಕರ ಹೆಸರು, ಬ್ಯಾಂಕಿನ ಲೆಕ್ಕ, ವ್ಯಾಪಾರದ ದರ ಇವು ಮನೆಗೆ ಬಂದಿವೆ, ಅಷ್ಟೆ.

ಆದರೆ ಒಂದು ದೊಡ್ಡ ಅಂತರವುಂಟು. ನೂಲು ಕಳುವಾದರೆ ತಕ್ಕಡಿ ಹೇಳುತ್ತದೆ. ಮಾಹಿತಿ ಕಳುವಾದರೆ ತೂಕ ಕಡಿಮೆಯಾಗುವುದಿಲ್ಲ. ಇದ್ದದ್ದು ಇದ್ದಂತೆಯೇ ಇರುತ್ತದೆ, ನಕಲು ಮಾತ್ರ ಹೊರಗೆ ಹೋಗಿರುತ್ತದೆ. ನೇಕಾರರು ಇದರ ಪೆಟ್ಟನ್ನು ಬಲ್ಲರು. ನಾರಾಯಣಪೇಟೆ ಮತ್ತು ಗದ್ವಾಲ ಸೀರೆಗಳೆರಡಕ್ಕೂ ಭೌಗೋಳಿಕ ಸೂಚಕದ ಮನ್ನಣೆ ದೊರೆತಿದೆ. ಅದು ಹೆಸರಿಗೆ ರಕ್ಷಣೆ. ಇನ್ನೂ ಮಗ್ಗದ ಮೇಲಿರುವ ಹೊಸ ಅಂಚಿನ ಚಿತ್ರವನ್ನು ಯಾರೋ ಮೊಬೈಲಿನಲ್ಲಿ ತೆಗೆದು ಕಳುಹಿಸಿದರೆ, ಸೀರೆ ಅಂಗಡಿಗೆ ಬರುವ ಮೊದಲೇ ಅದರ ನಕಲು ವಿದ್ಯುತ್ ಮಗ್ಗದಲ್ಲಿ ಸಿದ್ಧವಾಗಬಲ್ಲದು.

ಪರರಿಗೆ ಬುದ್ಧಿ ಹೇಳುವ ಮುನ್ನ ನಮ್ಮ ತಪ್ಪನ್ನು ಹೇಳಿಕೊಳ್ಳಬೇಕು. ಶಾಲೆಗಳು ಮುಚ್ಚಿದ್ದ ಆ ದಿನಗಳಲ್ಲಿ ನಾವೂ ಮನೆಯಿಂದಲೇ ಪಟ್ಟಿಗಳನ್ನು ತಯಾರಿಸುತ್ತಿದ್ದೆವು. ಒಂದು ಸಂಜೆ ಮಕ್ಕಳ ತಂದೆತಾಯಿಗಳ ದೂರವಾಣಿ ಸಂಖ್ಯೆ, ಬ್ಯಾಂಕ್ ಖಾತೆಗಳಿದ್ದ ಪಟ್ಟಿಯೊಂದು ನಮ್ಮ ಕೈಯಿಂದಲೇ ಬೇರೊಂದು ವಾಟ್ಸ್‌ಆ್ಯಪ್ ಗುಂಪಿಗೆ ಹೋಯಿತು. ಕೂಡಲೇ ಅಳಿಸಿದೆವು. ಅಷ್ಟರಲ್ಲಿ ಯಾರು ಯಾರು ಇಳಿಸಿಕೊಂಡಿದ್ದರೋ ದೇವರೇ ಬಲ್ಲ. ಮರುದಿನ ಪ್ರತಿ ಮನೆಗೂ ಫೋನು ಮಾಡಿ, ಯಾರು ಕೇಳಿದರೂ ಓಟಿಪಿ ಹೇಳಬೇಡಿರೆಂದು ಬೇಡಿಕೊಂಡೆವು. ಕೂಲಿಯ ದುಡ್ಡನ್ನು ಆ ಖಾತೆಯಲ್ಲಿಟ್ಟಿದ್ದ ತಾಯಿಯೊಬ್ಬರು, "ಸರ್, ನಿಮ್ಮನ್ನು ನಂಬಿ ಕೊಟ್ಟಿದ್ದೆವಲ್ಲ" ಎಂದರು. ಆ ಮಾತು ಇಂದಿಗೂ ನಮ್ಮನ್ನು ಚುಚ್ಚುತ್ತದೆ.

ಹಾಗಾದರೆ ಮಾಡತಕ್ಕದ್ದೇನು? ಕಚೇರಿಯ ಕೆಲಸಕ್ಕೆ ಕಚೇರಿಯ ಯಂತ್ರವೇ ಇರಲಿ. ಅದಿಲ್ಲದಿದ್ದರೆ ಮನೆಯ ಕಂಪ್ಯೂಟರಿನಲ್ಲಿ ಆ ಕೆಲಸಕ್ಕೆಂದೇ ಬೇರೆ ಖಾತೆಯಿರಲಿ. ಮಕ್ಕಳ ಆಟ ಅದರೊಳಗೆ ಬರಬಾರದು. ಊಟಕ್ಕೆ ಏಳುವಾಗ ಪರದೆಗೆ ಬೀಗ ಹಾಕಬೇಕು. ಪಾಸ್‌ವರ್ಡ್ ಉದ್ದವಾಗಿರಬೇಕು, ಒಂದೊಂದು ಕಡೆಗೆ ಒಂದೊಂದಾಗಿರಬೇಕು. ಅದರ ಮೇಲೆ ಎರಡನೆಯ ಗುರುತಿನ ಪರೀಕ್ಷೆಯೂ ಇದ್ದರೆ ಪಾಸ್‌ವರ್ಡ್ ಕದ್ದವನಿಗೂ ಬಾಗಿಲು ಸುಲಭವಾಗಿ ತೆರೆಯದು. ವೈಫೈ ಪೆಟ್ಟಿಗೆಯೊಡನೆ ಬಂದ ಪಾಸ್‌ವರ್ಡನ್ನು ಮೊದಲ ದಿನವೇ ಬದಲಿಸಬೇಕು.

ಮನೆಯಿಂದ ದುಡಿಯುವವನ ಮುಖ್ಯ ದೌರ್ಬಲ್ಯ ಒಂಟಿತನ. ಕಚೇರಿಯಲ್ಲಿ ಸಂಶಯ ಬಂದರೆ ಪಕ್ಕದ ಮೇಜಿನವರನ್ನು ಕೇಳಬಹುದು. ಮನೆಯಲ್ಲಿ, "ನಾನು ಕಂಪ್ಯೂಟರ್ ವಿಭಾಗದವನು, ಈ ಆ್ಯಪ್ ಹಾಕಿಕೊಳ್ಳಿ" ಎಂಬ ಕರೆ ಬಂದಾಗ ಕೇಳುವವರಾರು? ಆದುದರಿಂದ ಆ ಕರೆಯನ್ನು ಕಡಿದು, ತಮಗೆ ಮೊದಲೇ ತಿಳಿದಿರುವ ಸಂಖ್ಯೆಗೆ ತಾವೇ ಫೋನು ಮಾಡಿ ವಿಚಾರಿಸಬೇಕು.

ಯಜಮಾನರಿಗೂ ಕರ್ತವ್ಯವುಂಟು. ಒಂದು ಸೀರೆಗೆ ಬೇಕಾದಷ್ಟೇ ನೂಲನ್ನು ತೂಗಿ ಕೊಡುವವರು, ಕೆಲಸಕ್ಕೆ ಬೇಕಾದಷ್ಟೇ ಮಾಹಿತಿಯನ್ನೂ ಕೊಡಲಿ. ಕೆಲಸ ಬಿಟ್ಟವನ ಪ್ರವೇಶವನ್ನು ಅಂದೇ ರದ್ದುಮಾಡಲಿ. ತಪ್ಪೊಪ್ಪಿಕೊಂಡವನನ್ನು ಗದರಿಸದಿರಲಿ, ಗದರಿಸಿದರೆ ಮುಂದಿನವನು ಮುಚ್ಚಿಡುತ್ತಾನೆ. 2023ರ ವೈಯಕ್ತಿಕ ಡಿಜಿಟಲ್ ದತ್ತಾಂಶ ರಕ್ಷಣಾ ಕಾಯಿದೆಯು, ಜನರ ಮಾಹಿತಿಗೆ ತಕ್ಕ ಕಾವಲಿಡದ ಸಂಸ್ಥೆಗೆ 250 ಕೋಟಿ ರೂಪಾಯಿಗಳವರೆಗೆ ದಂಡವನ್ನು ಹೇಳಿದೆ. ಅದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾಗಿ, ಹಂತಹಂತವಾಗಿ ಜಾರಿಗೆ ಬರತಕ್ಕವು. ಹಣ ಹೋದರೆ ತಡಮಾಡದೆ 1930ಕ್ಕೆ ಫೋನು ಮಾಡಬೇಕೆಂಬುದು ಮನೆಮಂದಿಗೆಲ್ಲ ಬಾಯಿಪಾಠವಾಗಲಿ.

ಮಕ್ತಲ್‌ನಿಂದ ಗದ್ವಾಲದವರೆಗೆ ನಮ್ಮ ಮನೆಗಳು ಪರರ ಸೊತ್ತನ್ನು ತಲೆಮಾರುಗಳಿಂದ ನೆಚ್ಚಿಕೆಯಿಂದ ಕಾಯ್ದಿವೆ. ತಕ್ಕಡಿಗೆ ಸಿಕ್ಕದ ಸೊತ್ತನ್ನು ಕಾಯುವುದಕ್ಕೂ ಅದೇ ನೆಚ್ಚಿಕೆ ಸಾಕು. ಕಣ್ಣು ಮಾತ್ರ ಇನ್ನಷ್ಟು ಎಚ್ಚರವಾಗಿರಬೇಕು.